ಚೀಲ ಕಳೆದು ಹದಿನಾಲ್ಕೂವರೆ

ಹದಿನೈದು ಕೆಜಿಯ ಪೆಟ್ಟಿಗೆಯೊಳಗೆ ಒಬ್ಬ ಅಜ್ಜಿಯನ್ನು ತುಂಬಿ ಕಳಿಸಬಹುದೇ? ಹೇಳಿ ನೋಡೋಣ. ಆಗುವುದಿಲ್ಲ ಅಂತ ತಟ್ಟನೆ ತಲೆಯಾಡಿಸಬೇಡಿ. ನಾನು ಮಾಡಿ ನೋಡಿದ್ದೇನೆ. ಇಡೀ ಅಜ್ಜಿ ಹಿಡಿಸಲಿಲ್ಲ, ಒಪ್ಪಿದೆ. ಅರ್ಧ ಕೆಜಿಯಷ್ಟು ಅಜ್ಜಿ ಹಿಡಿಸಿದಳು.

ಮಗಳು ಬಾಣಂತನಕ್ಕೆ ಬಂದಿದ್ದಳು. ಯಸಳೂರಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಳಿಯ ಇರುವುದು ಅಸ್ಸಾಮಿನಲ್ಲಿ, ಒಂದು ಟೀ ಫ್ಯಾಕ್ಟರಿಯಲ್ಲಿ ಕೆಲಸ. ಕಾಫಿ ಕುಡಿದು ಬೆಳೆದ ಹುಡುಗಿಯನ್ನು ಟೀ ತೋಟಕ್ಕೆ ಕೊಟ್ಟಿರಲ್ಲ ಅಂತ ನೆಂಟರು ಈಗಲೂ ಆಡಿಕೊಳ್ಳುತ್ತಾರೆ. ಅಳಿಯ ನಾಮಕರಣಕ್ಕೆ ಬಂದು, ನಾಲ್ಕು ದಿನ ಇದ್ದು, ಕೂಸಿನ ಕಾಲ್ಬೆರಳು ಎಣಿಸಿ ಹೋಗಿದ್ದ. ಚಿಗುರು ಕೀಳುವ ಕಾಲ ಶುರುವಾದರೆ ಅವನಿಗೆ ರಜೆ ಸಿಗುವುದಿಲ್ಲ. ಹಾಗಾಗಿ ಮಗಳೇ ಕೂಸನ್ನು ಕಟ್ಟಿಕೊಂಡು ಒಬ್ಬಳೇ ವಿಮಾನದಲ್ಲಿ ಹೋಗಬೇಕು ಅಂತಾಯಿತು.

ನಮ್ಮ ಕಡೆ ಕೂಸನ್ನು ಅಪ್ಪನ ಮನೆಗೆ ಕಳಿಸುವುದು ಬೆಸ ತಿಂಗಳಲ್ಲಿ. ಮೂರನೇ ತಿಂಗಳಿಗೇ ಕಳಿಸಬೇಕಿತ್ತು. ಚಳಿ ಅಂತ ನೆಪ ಹೇಳಿ ನಾನು ಐದಕ್ಕೆ ದೂಡಿದ್ದೆ. ಐದನ್ನು ಏಳಕ್ಕೆ ದೂಡಲು ಇನ್ನೊಂದು ನೆಪ ಹುಡುಕುತ್ತಿದ್ದೆ. ಅಷ್ಟರಲ್ಲಿ ಮಗಳು ಟಿಕೆಟ್ ತೆಗೆದೇಬಿಟ್ಟಳು.

ನಿಜ ಹೇಳುತ್ತೇನೆ, ನನ್ನ ಹೆದರಿಕೆ ವಿಮಾನದ್ದಲ್ಲ. ಐದು ತಿಂಗಳ ಕೂಸಿಗೆ ಒಂದು ಮುಖ ಎಷ್ಟು ದಿನ ನೆನಪಿರುತ್ತದೆ? ಅದೊಂದೇ ನನ್ನನ್ನು ಕೊರೆಯುತ್ತಿತ್ತು. ಒಂದು ದಿನ ಎಣ್ಣೆ ಹಚ್ಚುತ್ತಾ ಮಗಳನ್ನು ಕೇಳಿಯೂ ಬಿಟ್ಟೆ.

"ಮುಂದಿನ ಸಲ ಬಂದಾಗ ಇದು ನನ್ನ ಗುರ್ತು ಹಿಡೀತದೇನೇ?"

"ಮುಂದಿನ ಸಲ ಅಂದ್ರೆ ಒಂದ್ ವರ್ಷ ಆಯ್ತದೆ ಕಣವ್ವ. ನಿನ್ನ ನೋಡಿ ಕಿಟಾರಂತ ಕಿರುಚ್ಕೊಂಡು ನನ್ನ ಸೆರಗೊಳಗೆ ನುಗ್ತದೆ, ನೋಡ್ತಿರು," ಅಂದಳು.

ಅವಳು ತಮಾಷೆಗೇ ಅಂದದ್ದು. ನಾನೂ ನಕ್ಕೆ. ಕೂಸಿನ ಹೊಟ್ಟೆಯ ಮೇಲೆ ಎಣ್ಣೆ ಮಾತ್ರ ಎರಡು ಸಲ ಹೆಚ್ಚಾಗಿ ಸುರಿದುಹೋಯಿತು.

ಹೋಗುವ ವಾರ ಪೆಟ್ಟಿಗೆ ತುಂಬುವ ಕೆಲಸ ಶುರುವಾಯಿತು. ದೊಡ್ಡ ಪೆಟ್ಟಿಗೆ ಹದಿನೈದು ಕೆಜಿ ದಾಟುವಂತಿಲ್ಲ, ಕೈಚೀಲ ಏಳು ದಾಟುವಂತಿಲ್ಲ. ಕೈಚೀಲದ ತುಂಬ ಕೂಸಿನ ಬಟ್ಟೆ, ಬಿಸಿನೀರಿನ ಫ್ಲಾಸ್ಕು, ಒದ್ದೆಯಾದರೆ ಬದಲಿಸಲು ಒಂದು ಕಂತೆ ಲಂಗೋಟಿ. ಪೆಟ್ಟಿಗೆಯೊಳಗೆ ನಾನು ಇಡುತ್ತಾ ಹೋದೆ, ಮಗಳು ತೆಗೆಯುತ್ತಾ ಹೋದಳು.

"ಇದ್ಯಾಕವ್ವ ಕೊಬ್ಬರಿ? ತೆಗಿ. ವಿಮಾನದಾಗೆ ಬುಡಲ್ಲ. ಬೆಂಕಿ ಹತ್ಕೊಂಡ್ಬುಡ್ತದಂತೆ."

"ಕೊಬ್ಬರಿಗೆ ತಂತಾನೇ ಬೆಂಕಿ ಹತ್ತೋದಾಗಿದ್ರೆ ಅರಸೀಕೆರೆ ಕೊಬ್ಬರಿ ಮಂಡಿ ಇಷ್ಟೊತ್ತಿಗೆ ಬೂದಿ ಆಗ್ಬೇಕಿತ್ತಲ್ಲೇ!"

"ಅದನ್ನ ಅಲ್ಲಿ ಪೊಲೀಸ್ನೋರಿಗೆ ಹೇಳು, ನನ್ಗಲ್ಲ."

ಕೊಬ್ಬರಿ ಹೋಯಿತು. ಬಜೆ, ಜಾಯಿಕಾಯಿ ಉಳಿದವು. ಅವನ್ನು ತೇಯುವ ಅಂಗೈಯಗಲದ ಕಲ್ಲನ್ನು ನಾನು ಟವೆಲಿನಲ್ಲಿ ಸುತ್ತಿ ಮೂಲೆಗೆ ತೂರಿಸಿದ್ದೆ. ಮಗಳು ಟವೆಲು ಎತ್ತಿದಳು, ಕಲ್ಲು ಅವಳ ಕಾಲ ಮೇಲೆ ಬೀಳುವುದೊಂದು ಬಾಕಿ.

"ಕಲ್ಲು! ಅವ್ವಾ, ಕಲ್ಲು ಹೊತ್ಕೊಂಡು ಹೋಗ್ಬೇಕಾ ನಾನು? ಅಸ್ಸಾಮ್ನಲ್ಲಿ ಕಲ್ಲಿಲ್ವಾ?"

"ಆ ಕಲ್ಲಿಗೆ ಈ ಕೈರುಚಿ ಇರ್ತದಾ?"

"ಕಲ್ಲಿಗೆ ಎಂಥ ಕೈರುಚಿ ಮಾರಾಯ್ತಿ!"

ಕಲ್ಲೂ ಹೋಯಿತು. ರಾಗಿ ಸರಿಯ ಹಿಟ್ಟಿನ ವಿಷಯದಲ್ಲಿ ಮಾತ್ರ ನಾನು ಜಗ್ಗಲಿಲ್ಲ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟು ಅದು. ಒಂದು ತಿಂಗಳು ಕಳೆದರೆ ಕೂಸಿಗೆ ಮೊದಲ ಊಟ. ಅದನ್ನು ಉಣ್ಣಿಸುವ ಕೈ ನನ್ನದಾಗಿರುವುದಿಲ್ಲ, ಹಿಟ್ಟಾದರೂ ನನ್ನದಾಗಿರಲಿ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮಗಳು ನನ್ನ ಮುಖ ನೋಡಿ ಸುಮ್ಮನೆ ಹಿಟ್ಟಿನ ಡಬ್ಬಿಯನ್ನು ಸ್ವೆಟರಿನ ನಡುವೆ ಒತ್ತಿದಳು. ಅಳಿಯನಿಗೆ ಅಂತ ಎರಡು ಕೆಜಿ ಕಾಫಿಪುಡಿಯೂ ಸೇರಿತು. ಟೀ ತೋಟದಲ್ಲಿ ಕೂತು ನಮ್ಮ ಕಾಫಿಗೆ ಕಣ್ಣೀರು ಹಾಕುವ ಮನುಷ್ಯ ಅವನು.

ಇನ್ನು ಉಳಿದದ್ದು ಸೀರೆ.

ನನ್ನದೊಂದು ಹಳೆಯ ವಾಯಿಲ್ ಸೀರೆ. ಕಡು ಹಸಿರಿದ್ದದ್ದು ಒಗೆದೂ ಒಗೆದೂ ಹುಣಸೆ ಚಿಗುರಿನ ಬಣ್ಣಕ್ಕೆ ಬಂದಿತ್ತು. ಅದನ್ನೇ ಒಳಕೋಣೆಯ ತೊಲೆಗೆ ಜೋಲಿ ಕಟ್ಟಿದ್ದೆ. ನಾಮಕರಣಕ್ಕೆ ತಂದ ಮರದ ತೊಟ್ಟಿಲಲ್ಲಿ ಕೂಸು ಹತ್ತು ನಿಮಿಷ ಮಲಗಿದ್ದರೆ ಹೆಚ್ಚು. ಈ ಜೋಲಿಯಲ್ಲಿ ಹಾಕಿದರೆ ಎರಡು ತೂಗಿಗೆ ಕಣ್ಣು ಮುಚ್ಚುತ್ತಿತ್ತು. ಒಂದು ಸಲ ಸೀರೆ ಒಗೆದು, ಒಣಗಿಸಿ, ಹಾಗೇ ಕಟ್ಟಿದೆ. ಅವತ್ತು ಆ ಪುಟ್ಟ ಗಂಟಲು ಮಾಡಿದ ಗಲಾಟೆಗೆ ಕೆಳಗೆ ತೋಟದ ಆಳುಗಳಿರುವ ಲೈನ್ ಮನೆಯ ಹೆಂಗಸರು ಏನಾಯಿತು ಅಂತ ಓಡಿ ಬಂದರು. ಆಮೇಲೆ ನಾನೊಂದು ಉಪಾಯ ಮಾಡಿದೆ. ಸೀರೆ ಒಗೆದ ಮೇಲೆ ಒಂದು ದಿನ ನಾನು ಉಡುವುದು, ಬಚ್ಚಲ ಒಲೆಗೆ ಸೌದೆ ಹಾಕುವುದು, ಕಾಫಿ ಹುರಿಯುವುದು, ಬೆವರುವುದು. ಮಾರನೆಯ ದಿನ ಜೋಲಿ ಕಟ್ಟುವುದು. ಕೂಸು ಮೂಗು ಅರಳಿಸಿ, ಒಂದು ನಿಟ್ಟುಸಿರು ಬಿಟ್ಟು ಮಲಗುತ್ತಿತ್ತು. ಆ ನಿಟ್ಟುಸಿರು ಕೇಳಿದಾಗ ನನಗೆ ಆಗುತ್ತಿದ್ದ ಜಂಬ ನನ್ನ ಮದುವೆಯ ದಿನವೂ ಆಗಿರಲಿಲ್ಲ.

"ಸೀರೆ ತಗೊಂಡೋಗೇ," ಅಂದೆ.

"ಬ್ಯಾಡ ಕಣವ್ವ. ಅಲ್ಲಿ ನಿನ್ನ ಅಳಿಯ ತೊಟ್ಟಿಲು ತಂದವ್ರೆ. ಅದ್ರಲ್ಲೇ ಮಲಗೋದು ಕಲೀಲಿ. ಹೊಗೆ ವಾಸನೆ ಸೀರೆ ಬಟ್ಟೆ ಜೊತೆ ಇಟ್ರೆ ಎಲ್ಲಾನೂ ಬಚ್ಚಲು ಮನೆ ಆಯ್ತದೆ."

ನಾನು ವಾದ ಮಾಡಲಿಲ್ಲ. ವಾದ ಮಾಡದೆ ಸುಮ್ಮನಾದೆ ಅಂದರೆ ಇವಳು ಏನೋ ಮಾಡುತ್ತಾಳೆ ಅಂತ ನಮ್ಮವರಿಗೆ ಗೊತ್ತು. ಮಗಳಿಗೆ ಇನ್ನೂ ಗೊತ್ತಿಲ್ಲ.

ಹೋಗುವ ಮುನ್ನಾ ದಿನ ಮಧ್ಯಾಹ್ನ ನಮ್ಮವರು ಪೆಟ್ಟಿಗೆ ತೂಗಿದರು. ನಮ್ಮವರು ಅಂದರೆ ನನ್ನ ಗಂಡ, ಮೂವತ್ತು ವರ್ಷ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಕೊಯ್ಲಿನ ದಿನಗಳಲ್ಲಿ ಸಂಜೆಯಾದರೆ ಆಳುಗಳು ತಂದ ಕಾಫಿ ಹಣ್ಣನ್ನು ಒಂದೊಂದೇ ಚೀಲ ತೂಗಿಸುವುದು ಅವರ ಕೆಲಸವಾಗಿತ್ತು. ಈಗ ಸ್ವಂತದ ಮೂರೆಕರೆಯ ಹಣ್ಣು ತೂಗಲು ಕೊಟ್ಟಿಗೆಯ ತೊಲೆಗೆ ಒಂದು ಮುಳ್ಳಿನ ತಕ್ಕಡಿ ನೇತುಹಾಕಿಕೊಂಡಿದ್ದಾರೆ, ಗಡಿಯಾರದ ಮುಖದಂಥದ್ದು. ಅವತ್ತು ಬೆಳಿಗ್ಗೆ ಅವರು ಖಾಲಿ ಪೆಟ್ಟಿಗೆಯನ್ನೂ ಒಮ್ಮೆ ಅದಕ್ಕೆ ಸಿಕ್ಕಿಸಿ ನೋಡಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ. ಈಗ ತುಂಬಿದ ಪೆಟ್ಟಿಗೆ ಸಿಕ್ಕಿಸಿದರು, ಮುಳ್ಳು ಅಲುಗಾಡಿ ನಿಲ್ಲುವ ತನಕ ಉಸಿರು ಹಿಡಿದರು, ಆಮೇಲೆ ಎಸ್ಟೇಟಿನ ಗತ್ತಿನಲ್ಲೇ ಕೂಗಿದರು:

"ಹದಿನಾಲ್ಕೂವರೆ!"

ಹದಿನಾಲ್ಕೂವರೆ ಅಂದರೆ ಇನ್ನೂ ಅರ್ಧ ಕೆಜಿ ಜಾಗ ಇದೆ. ನನ್ನ ಸೀರೆ ಎಷ್ಟು ತೂಗುತ್ತದೆ ಅಂತ ಅಡುಗೆಮನೆಯ ತಕ್ಕಡಿಯಲ್ಲಿ ನಾನು ಮೊದಲೇ ನೋಡಿಟ್ಟುಕೊಂಡಿದ್ದೆ. ಸರಿಯಾಗಿ ಅರ್ಧ ಕೆಜಿ.

ಎರಡು ದಿನದಿಂದ ಆ ಸೀರೆ ನನ್ನ ಮೈಮೇಲೇ ಇತ್ತು. ಉಟ್ಟುಕೊಂಡೇ ಮಲಗಿದ್ದೆ. ಹೊಗೆ, ಕಾಫಿ, ಹರಳೆಣ್ಣೆ, ನಾನು, ಎಲ್ಲವೂ ಅದಕ್ಕೆ ಅಂಟಿರಲಿ ಅಂತ. ಸಂಜೆ ಮಗಳು ಕೂಸನ್ನೆತ್ತಿಕೊಂಡು ಪಕ್ಕದ ಮನೆಗೆ ಹೇಳಿಬರಲು ಹೋದಳು. ನಾನು ಸೀರೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಪೆಟ್ಟಿಗೆಯ ತಳದಲ್ಲಿ ಮಲಗಿಸಿ, ಮೇಲೆ ಎಲ್ಲವನ್ನೂ ಮೊದಲಿದ್ದ ಹಾಗೇ ಜೋಡಿಸಿದೆ.

ಬೆಳಿಗ್ಗೆ ಆರಕ್ಕೆ ಹೊರಟೆವು. ಪರಿಚಯದವರ ಕಾರು. ಸಕಲೇಶಪುರ ದಾಟಿ, ಪಾಳ್ಯ ದಾಟುವಾಗ ಕೂಸು ನನ್ನ ತೊಡೆಯ ಮೇಲೆ ನಿದ್ದೆ ಹೋಯಿತು. ಕೊಯ್ದ ಗದ್ದೆಗಳ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಆಲೂರು ಬಂತು, ಹಾಸನ ಬಂತು. ಬೆಂಗಳೂರು ಇನ್ನೂ ದೂರ ಇರಲಿ, ಇನ್ನೂ ದೂರ ಇರಲಿ ಅಂತ ನಾನು ಮನಸ್ಸಿನಲ್ಲೇ ದಾರಿಯನ್ನು ಎಳೆಯುತ್ತಿದ್ದೆ. ಈಗಿನ ರಸ್ತೆಗಳೋ, ಮುದುಕಿಯ ಮಾತು ಕೇಳುವುದಿಲ್ಲ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಟಿಕೆಟ್ ಇದ್ದವರಿಗೆ ಮಾತ್ರ ಒಳಗೆ ದಾರಿ. ಪೊಲೀಸಿನವನಿಗೆ, "ನಾನೂ ಕೂಸಿನ ಸಾಮಾನೇ ಕಣಪ್ಪ, ಒಳಗೆ ಬುಡು," ಅಂದೆ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಮರ್ಯಾದೆಯಿಂದ ತಲೆಯಾಡಿಸಿ, ಕೈಯಲ್ಲಿ ಪಕ್ಕಕ್ಕೆ ತೋರಿಸಿದ. ನಾನು ಕೂಸನ್ನು ಮಗಳ ಕೈಗೆ ಕೊಟ್ಟೆ. ಕೊಡುವಾಗ ಅದರ ಮುಷ್ಟಿಯಲ್ಲಿ ನನ್ನ ಸೆರಗಿತ್ತು. ಬೆರಳು ಒಂದೊಂದಾಗಿ ಬಿಡಿಸಿದೆ. ಐದು ಬೆರಳು ಬಿಡಿಸಲು ಎಷ್ಟು ಹೊತ್ತು ಬೇಕು? ನಾನು ಆದಷ್ಟು ನಿಧಾನ ಮಾಡಿದೆ.

ಗಾಜಿನ ಆಚೆ ಮಗಳ ಜಡೆ ಕಾಣುವ ತನಕ ಕಂಡಿತು. ಆಮೇಲೆ ಯಾರ್ಯಾರದೋ ಬೆನ್ನುಗಳು.

ಹತ್ತು ನಿಮಿಷವೂ ಆಗಿರಲಿಲ್ಲ, ನಮ್ಮವರ ಫೋನು ಬಡಿದುಕೊಂಡಿತು. ನನಗೂ ಕೇಳಲಿ ಅಂತ ಅವರು ಸ್ಪೀಕರ್ ಒತ್ತಿದರು.

"ಅಪ್ಪಾ! ಹದಿನೇಳೂವರೆ ತೋರುಸ್ತೈತೆ!"

"ಅವ್ರ ತಕ್ಕಡಿ ಸರಿ ಇಲ್ಲ ಕಣವ್ವ. ನಾನೇ ನಿಂತು ನೋಡಿದ್ದೀನಿ. ಹದಿನಾಲ್ಕೂವರೆ, ಚೀಲ ಕಳೆದು."

"ಏನ್ ಕಳೆದು?"

"ಚೀಲ. ಖಾಲಿ ಪೆಟ್ಟಿಗೆ ಎರಡೂವರೆ ಇತ್ತು, ಕಳೆದು ಹೇಳ್ದೆ. ಚೀಲದ ತೂಕ ಯಾರಾದ್ರೂ ಹಿಡೀತಾರಾ?"

ಮಗಳು ಹಲ್ಲು ಕಚ್ಚಿ ಹೇಳಿದಳು.

"ಅಪ್ಪಾ, ನಾನೇನು ಬರೀ ಬಟ್ಟೆ ಸುರ್ಕೊಂಡು, ಪೆಟ್ಟಿಗೆ ಝಾಡಿಸಿ ನಿನ್ಗೆ ವಾಪಸ್ ಕೊಟ್ಟು ಹೋಗ್ತೀನಾ? ಪೆಟ್ಟಿಗೆನೂ ವಿಮಾನದಾಗೇ ಬತ್ತದೆ!"

ಮೂವತ್ತು ವರ್ಷದ ರೈಟರಿಕೆ ಆ ಬಾಗಿಲ ಮುಂದೆ ಬೆರಳು ಮಡಿಚಿ ಮತ್ತೊಮ್ಮೆ ಲೆಕ್ಕ ಹಾಕಿತು. ಹಣ್ಣು ತೂಗುವವರಿಗೆ ಚೀಲ ಕಳೆಯುವುದು ಉಸಿರಾಡಿದಷ್ಟೇ ಸಹಜ. ಇನ್ನೊಂದು ದಿನವಾಗಿದ್ದರೆ ನಾನು ಅವರನ್ನು ಚೆನ್ನಾಗಿ ಆಡಿಕೊಳ್ಳುತ್ತಿದ್ದೆ. ಆದರೆ ಫೋನಿನಲ್ಲಿ ಪೆಟ್ಟಿಗೆಯ ಜಿಪ್ಪು ಬಿಚ್ಚುವ ಸದ್ದು ಕೇಳುತ್ತಿತ್ತು. ಕೂಸು ರಾಗ ತೆಗೆಯುತ್ತಿತ್ತು.

"ಅವ್ವ," ಮಗಳ ದನಿ ತಗ್ಗಿತು. "ಇದೇನು ತಳದಾಗೆ?"

"ಸೀರೆ," ಅಂದೆ.

"ಬ್ಯಾಡ ಅಂದಿರ್ಲಿಲ್ವಾ?"

"ನೀನು ಅಂದಿದ್ದೆ."

"ಈಗ ಎರಡೂವರೆ ಕೆಜಿ ತೆಗೀಬೇಕು. ಹಿಂದೆ ಜನ ನಿಂತವ್ರೆ. ಏನ್ ತೆಗೀಲಿ, ಬೇಗ ಹೇಳು."

ಒಳಗೆ ಅವಳು ನೆಲದ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡು ಮಂಡಿಯೂರಿ ಕೂತಿರುವುದು ನನಗೆ ಕಾಣದಿದ್ದರೂ ಕಂಡಿತು. ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಫೋನು. ಏನು ಹೇಳಲಿ? ಹಿಟ್ಟು ತೆಗಿ ಅನ್ನಲೇ? ಅದು ಕೂಸಿನ ಹೊಟ್ಟೆಗೆ. ಸ್ವೆಟರು ತೆಗಿ ಅನ್ನಲೇ? ಅದು ಕೂಸಿನ ಮೈಗೆ. ಸೀರೆ ಇದ್ದದ್ದು ನನಗಾಗಿ. ಅಷ್ಟು ದಿನ ಕೂಸಿಗೆ, ಕೂಸಿನ ನಿದ್ದೆಗೆ ಅಂತ ನನಗೆ ನಾನೇ ಹೇಳಿಕೊಂಡು ಬಂದಿದ್ದೆ. ಅಲ್ಲಿ ನಿಂತಾಗ ಆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಸೀರೆ ತೆಗೆದುಬುಡವ್ವ," ಅಂದೆ.

"ತೆಗೆದು ಎಲ್ಲಿ ಬುಡ್ಲಿ? ಕಸದ ಡಬ್ಬಿಗಾ?"

ನಾನು ಉತ್ತರ ಹೇಳುವಷ್ಟರಲ್ಲಿ ಫೋನು ಕಟ್ಟಾಯಿತು. ನಮ್ಮವರು ತಿರುಗಿ ಮಾಡಿದರು, ಅವಳು ಎತ್ತಲಿಲ್ಲ. ಎತ್ತಲು ಕೈ ಖಾಲಿ ಇರಬೇಕಲ್ಲ.

ಒಂದು ಗಂಟೆ ಕಾದು ವಾಪಸು ಹೊರಟೆವು. ಕಾರಿನಲ್ಲಿ ನನ್ನ ತೊಡೆ ಹಗುರವಾಗಿತ್ತು. ಆ ಹಗುರ ಎಷ್ಟು ಭಾರ ಅಂತ ಯಾವ ರೈಟರೂ ಬರೆದುಕೊಳ್ಳಲಾರ. ನಮ್ಮವರು ಒಂದೇ ಮಾತು ಮೂರು ಸಲ ಹೇಳಿದರು: "ಒಂದ್ ದಿನಾನೂ ತಪ್ಪು ತೂಗಿಲ್ಲ ಕಣೇ ನಾನು." ನಾನು ಮೂರು ಸಲವೂ "ಹೂಂ" ಅಂದೆ. ನನ್ನ ಕಣ್ಣ ಮುಂದೆ ಇದ್ದದ್ದು ಉಕ್ಕಿನ ಕಸದ ಡಬ್ಬಿ, ಅದರ ಬಾಯಿಂದ ಜೋತುಬಿದ್ದ ಹಸಿರು ಸೆರಗು. ಎರಡು ದಿನ ಬೆವರಿದ್ದೆನಲ್ಲ, ಸುಮ್ಮನೆ.

ದಾರಿಯಲ್ಲಿ ಕಾಫಿಗೆ ನಿಲ್ಲಿಸಿದಾಗ ಫೋನು ಟಿಂಗ್ ಅಂತು. ಫೋಟೋ. ನಮ್ಮವರು ಕನ್ನಡಕ ಹುಡುಕಿ, ಹಾಕಿಕೊಂಡು, ತಪ್ಪು ಬೆರಳಲ್ಲಿ ಎರಡು ಸಲ ಒತ್ತಿ, ಕೊನೆಗೆ ತೆರೆದರು. ಅಷ್ಟರಲ್ಲಿ ನನ್ನ ಲೋಟದ ಕಾಫಿಗೆ ಕೆನೆ ಕಟ್ಟಿತ್ತು.

ಮಗಳು ಕುರ್ಚಿಯ ಮೇಲೆ ಕೂತಿದ್ದಾಳೆ. ಭುಜದಿಂದ ಸೊಂಟಕ್ಕೆ ಹಸಿರು ಸೀರೆಯನ್ನು ಸುತ್ತಿ ಗಂಟು ಹಾಕಿಕೊಂಡಿದ್ದಾಳೆ, ತೋಟದಲ್ಲಿ ಹೆಂಗಸರು ಕೂಸು ಕಟ್ಟಿಕೊಂಡು ಕೆಲಸಕ್ಕೆ ಹೋಗುವ ಹಾಗೆ. ಸೀರೆಯೊಳಗಿಂದ ಕುಲಾವಿಯ ತುದಿ ಮಾತ್ರ ಕಾಣುತ್ತಿದೆ. ಕೂಸು ಮಲಗಿದೆ. ಕೆಳಗೆ ಬರೆದಿದ್ದಳು. ಮೈಮೇಲೆ ಕಟ್ಟಿಕೊಂಡದ್ದನ್ನು ಅವರು ತೂಗಲಿಲ್ಲವಂತೆ. ಅಳಿಯನ ಎರಡು ಕೆಜಿ ಕಾಫಿಪುಡಿಯನ್ನು ಅಲ್ಲಿ ನೆಲ ಒರೆಸುತ್ತಿದ್ದ ಹೆಂಗಸಿಗೆ ಕೊಟ್ಟಳಂತೆ, ಆಕೆ ಚಿಕ್ಕಮಗಳೂರಿನವಳಂತೆ, ವಾಸನೆ ನೋಡಿಯೇ ಯಾವ ಕಡೆಯ ಪುಡಿ ಅಂತ ಕೇಳಿದಳಂತೆ.

ನಾನು ಆರಿದ ಕಾಫಿಯನ್ನೇ ಕುಡಿದೆ. ಅಷ್ಟು ರುಚಿಯ ಕಾಫಿ ಆಮೇಲೆ ಕುಡಿದಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ನಿಲ್ಲಲಿಲ್ಲ.

ಅವರು ಹೋದ ಎರಡನೇ ವಾರ ನಮ್ಮಲ್ಲಿ ಹೂಮಳೆ ಬಿತ್ತು. ಮಳೆ ಬಿದ್ದ ಒಂಬತ್ತನೇ ದಿನಕ್ಕೆ ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿ, ಬಾಗಿಲು ತೆಗೆದರೆ ಘಮ ಮೈಮೇಲೆ ಬೀಳುತ್ತಿತ್ತು. ಕೂಸಿನ ಮೂಗಿಗೆ ಇದೊಂದನ್ನು ಹಿಡಿಸಿ ಕಳಿಸಲಾಗಲಿಲ್ಲವಲ್ಲ ಅಂತ ಅಂಗಳದಲ್ಲಿ ನಿಂತು ಹೊಟ್ಟೆ ಉರಿದುಕೊಂಡೆ. ಏಳಕ್ಕೆ ದೂಡಿದ್ದರೆ ಸಿಗುತ್ತಿತ್ತು. ಅವತ್ತೇ ಮಗಳಿಗೆ ಫೋನು ಮಾಡಿ, "ಜೋಲಿ ಕಟ್ಟಿದ್ಯಾ? ಮಲಗ್ತದಾ?" ಅಂತ ಕೇಳಿದೆ.

"ಹೂಂ ಕಣವ್ವ, ಫ್ಯಾನಿನ ಕೊಕ್ಕೆಗೆ ಕಟ್ಟಿದ್ದೀನಿ. ಬಂದ ನಾಲ್ಕನೇ ದಿನ ಅದ್ರ ಮೇಲೆಲ್ಲ ಹಾಲು ಕಕ್ಕಿತ್ತು. ತೊಳೆದಾಕ್ದೆ."

"ತೊಳೆದ ಮೇಲೆ... ಅಳ್ಲಿಲ್ವಾ?"

"ಇಲ್ಲವ್ವ. ಜಮ್ಮಂತ ಮಲಗ್ತು."

ಕೂಸು ಅಳಲಿಲ್ಲ ಅಂತ ಯಾವ ಅಜ್ಜಿಯಾದರೂ ಅಳುತ್ತಾಳೆಯೇ? ನಾನು ಅತ್ತೆ. ಬೇಳೆ ಬೇಯಿಸುವ ನೆಪದಲ್ಲಿ ಒಲೆಯ ಮುಂದೆ ಕೂತು, ಹೊಗೆಯ ಮೇಲೆ ತಪ್ಪು ಹೊರಿಸಿ. ಸೋಪಿನ ನೀರಲ್ಲಿ ನಾನು ಹೋದೆ. ಕೂಸಿಗೆ ಅದು ಗೊತ್ತೂ ಆಗಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಒಪ್ಪಿಕೊಳ್ಳುತ್ತೇನೆ, ಮಗಳು ಓದಿದರೆ ಓದಲಿ. ಸೀರೆ ಒಳಗಿಟ್ಟ ಆ ಸಂಜೆ ನಾನು ಪೆಟ್ಟಿಗೆಯಿಂದ ಒಂದು ವಸ್ತು ಹೊರಗೂ ತೆಗೆದಿದ್ದೆ. ಒಗೆಯದ ಒಂದು ಹಳದಿ ಕುಲಾವಿ. ನೆತ್ತಿಗೆ ಎಣ್ಣೆಯ ಕಲೆ ಇರುವುದು. ಈಗಲೂ ನನ್ನ ದಿಂಬಿನ ಕವರಿನೊಳಗಿದೆ. ಅದನ್ನು ಯಾರೂ ತೊಳೆಯಬಾರದು ಅಂತ ಮನೆಯಲ್ಲಿ ಕಟ್ಟಪ್ಪಣೆ. ಯಾರೂ ಅಂದರೆ ನಮ್ಮವರು ಒಬ್ಬರೇ, ಪಾಪ, ಅವರೆಂದೂ ಏನನ್ನೂ ತೊಳೆದವರಲ್ಲ.

ಫೋನಿನಲ್ಲಿ ಅಕ್ಷರ ಒತ್ತುವುದನ್ನು ಕಲಿತದ್ದೂ ಆ ದಿನಗಳಲ್ಲೇ. ಮಾತಾಡಲು ಮಗಳಿಗೆ ಹೊತ್ತಿರುವುದಿಲ್ಲ, ಬರೆದಿಟ್ಟರೆ ಯಾವಾಗಲಾದರೂ ಓದುತ್ತಾಳೆ. ಮೊದಲ ದಿನ "ಕೂಸು ಹೇಗಿದೆ" ಅಂತ ಬರೆಯಲು ಹೋಗಿ "ಕೋಸು ಹೇಗಿದೆ" ಅಂತ ಕಳಿಸಿದೆ. "ಚೆನ್ನಾಗೈತೆ, ಇವತ್ತು ಪಲ್ಯ ಮಾಡ್ದೆ" ಅಂತ ಉತ್ತರ ಬಂತು. ಯಾರ ಮಗಳು ಅವಳು!

ಈಗ ವಾರಕ್ಕೆ ಎರಡು ಸಲ ವಿಡಿಯೋದಲ್ಲಿ ಬರುತ್ತಾರೆ. ಕೂಸಿಗೆ ಕೆಳಗೆ ಎರಡು ಹಲ್ಲು ಬಂದಿವೆ. ರಾಗಿ ಸರಿ ತಿನ್ನುತ್ತದೆ, ಅರ್ಧ ಕೆನ್ನೆಗೆ. ಅಸ್ಸಾಮಿನಲ್ಲಿ ಮಳೆ ಸುರಿಯುವ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುವುದಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೂತುಬಿಡುತ್ತೇನೆ, ಅದರ ಉಸಿರಾದರೂ ಕೇಳಲಿ ಅಂತ. ಮೊನ್ನೆ ಆ ಕಡೆಯಿಂದ ಕೂಸು ಕಿಲಕಿಲ ನಗುವುದು ಕೇಳಿತು. ಅಷ್ಟು ದಿನ ಗಂಟಲಲ್ಲೇ ಇಟ್ಟುಕೊಂಡಿದ್ದ ಮಾತು ತಡೆಯಲಾಗದೆ ಹೊರಬಿತ್ತು.

"ನಿಜ ಹೇಳೇ, ಅದ್ಕೆ ನನ್ನ ಗುರ್ತು ಸಿಗ್ತದಾ?"

ಮಗಳು ಮಳೆಗಿಂತ ಜೋರಾಗಿ ಕೂಗಿದಳು:

"ಮುಖದ್ದು ಕಾಣೆ ಕಣವ್ವ, ನೀನು ತೋರ್ಸಿದ್ರಲ್ವಾ? ಆದ್ರೆ ನಿನ್ನ ಕಿವಿ ಚೆಂದಾಗಿ ಗೊತ್ತು! ನಿನ್ನೆ ಇಲ್ಲಿ ಎಲೆ ಕೀಳೋ ಮುದುಕಿ ಒಬ್ಳು ಹತ್ರ ಬಂದ್ರೆ, ಅವಳ ಕಿವಿ ಹಿಡ್ಕೊಂಡು ಬುಡ್ಲೇ ಇಲ್ಲ ನಿನ್ನ ಮೊಮ್ಮಗಳು. ಫೋನು ಮುಂದಕ್ಕೆ ಹಿಡಿ ಮಾರಾಯ್ತಿ!"